ನಡುಗಡ್ಡೆಯಲ್ಲಿ ಹುಟ್ಟಿದವರು

ಫೆಬ್ರವರಿ 9

ಅಕ್ಕನಿಗೆ ನಮಸ್ಕಾರ.

ಎರಡೂವರೆ ವರ್ಷದಿಂದ ಒಂದು ಸಾಲೂ ಬರೆಯದವನು ಇವತ್ತು ಬರೆಯುತ್ತಿದ್ದೇನೆ. ಕ್ಷೇಮಸಮಾಚಾರ ಕೇಳುವುದಕ್ಕಲ್ಲ ಎಂಬುದು ನಿನಗೇ ಗೊತ್ತಾಗಿರುತ್ತದೆ.

ಬೆಳಗ್ಗೆ ಕಚೇರಿಗೆ ಹೋದಾಗ ನನ್ನ ಮೇಜಿನ ಮೇಲೆ ಯಾರೋ ಪತ್ರಿಕೆ ಮಡಚಿ ಇಟ್ಟಿದ್ದರು. ಮೂರನೇ ಪುಟದಲ್ಲಿ ನಿನ್ನ ಫೋಟೊ. ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದೀಯ. ಹಿಂದೆ ಬಿದಿರಿನ ಗಳಕ್ಕೆ ನೀಲಿ, ಬೂದು ಬಟ್ಟೆ ಜೋಡಿಸಿ ಕಟ್ಟಿದ ಬಾವುಟ. ಮೇಲೆ ದಪ್ಪಕ್ಷರದಲ್ಲಿ, ‘ಹೊಳೆಯ ನಡುವೆ ಹೊಸ ದೇಶ! ಒಂಬತ್ತು ಮನೆ, ಮೂವತ್ತೊಂದು ಪ್ರಜೆಗಳು, ಟೈಲರಮ್ಮನೇ ಅಧ್ಯಕ್ಷೆ’. ನಮ್ಮದು ಜನನ ಮರಣ ನೋಂದಣಿ ಕಚೇರಿ. ಆ ದೇಶದವರು ತಮ್ಮ ಹುಟ್ಟು ಸಾವುಗಳನ್ನು ತಾವೇ ಬರೆದುಕೊಳ್ಳುತ್ತಾರಂತೆ ಎಂದು ಸುದ್ದಿಯಲ್ಲಿ ಇದ್ದದ್ದರಿಂದ ದಿನವಿಡೀ ನಗೆಯೆಲ್ಲ ನಮ್ಮ ಕೋಣೆಯಲ್ಲೇ. ಜವಾನ ನನ್ನ ಹತ್ತಿರ ಬಂದು, “ಸಾರ್, ಇನ್ಮೇಲೆ ಅಲ್ಲಿಗೆ ಹೋಗ್ಬೇಕಾದ್ರೆ ಪಾಸ್‌ಪೋರ್ಟ್ ಬೇಕಾ?” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಫೋಟೊದಲ್ಲಿರುವುದು ನನ್ನ ಅಕ್ಕ ಎಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗುವುದೂ ಬೇಡ. ನಾನು ಹಿರಿಯ ಗುಮಾಸ್ತನಾಗಿ ಹದಿನಾಲ್ಕು ವರ್ಷವಾಯಿತು. ಈ ಸಲದ ಬಡ್ತಿ ಪಟ್ಟಿಯಲ್ಲಿ ನನ್ನ ಹೆಸರಿದೆ. ದೇವರು ಕಣ್ಣುಬಿಟ್ಟರೆ ಜೂನ್ ಹೊತ್ತಿಗೆ ನೋಂದಣಾಧಿಕಾರಿ ಆಗುತ್ತೇನೆ.

ನಿನಗೆ ಐವತ್ತೆಂಟು, ನನಗೆ ಐವತ್ತೊಂದು. ಇದು ಆಟ ಆಡುವ ವಯಸ್ಸಲ್ಲ. ಆ ಬಾವುಟ ಇಳಿಸು.

ನಿನ್ನ ತಮ್ಮ


ಫೆಬ್ರವರಿ 17

ಗುಬ್ಬಿ,

ನಿನ್ನ ಕಾಗದ ಬಂತು. ದೋಣಿಯ ಮೀಸೆಮಾವ ಎಡದಂಡೆಯ ಚಹದಂಗಡಿಯಿಂದ ತಂದುಕೊಟ್ಟು, “ಯಾರದಮ್ಮಾ?” ಎಂದ. “ನಮ್ಮ ಗುಬ್ಬೀದು” ಎಂದೆ. “ಓ, ಅವನಿನ್ನೂ ಇದ್ದಾನಾ?” ಎಂದ. ಅವನ ಬಾಯಿ ಮೊದಲಿಂದಲೂ ಹಾಗೆಯೇ, ಬೇಜಾರು ಮಾಡಿಕೊಳ್ಳಬೇಡ.

ಆಟ ಎಂದು ಬರೆದಿದ್ದೀಯ. ಆಟ ಆಡುವಷ್ಟು ಚೈತನ್ಯ ನನ್ನಲ್ಲಿ ಎಲ್ಲಿದೆ? ದಿನಕ್ಕೆ ಆರು ಯೂನಿಫಾರ್ಮ್ ಹೊಲಿಯುವ ಹೊತ್ತಿಗೆ ಸೊಂಟ ನನ್ನದಲ್ಲ ಅನ್ನಿಸಿರುತ್ತದೆ.

ಏನಾಯಿತೆಂದು ಮೊದಲಿನಿಂದ ಹೇಳುತ್ತೇನೆ, ಕೇಳು. ಅಪ್ಪ ತೀರಿಕೊಂಡ ಹದಿನೈದನೇ ದಿನಕ್ಕೆ ನಾನು ಎಡದಂಡೆಯ ಕಚೇರಿಗೆ ಮರಣಪತ್ರಕ್ಕೆ ಅರ್ಜಿ ಹಾಕಿದೆ. ನೀನಿರುವ ಕಚೇರಿಗೇ. ಅಲ್ಲಿಂದ ಹಿಂಬರಹ ಬಂತು: ಸದರಿ ನಡುಗಡ್ಡೆಯು ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ಬಲದಂಡೆಯ ಜಿಲ್ಲೆಯವರನ್ನು ಸಂಪರ್ಕಿಸತಕ್ಕದ್ದು. ಬಲದಂಡೆಗೆ ಹೋದೆ. ಅಲ್ಲಿಯ ಗುಮಾಸ್ತ ಗೋಡೆಯ ನಕಾಶೆಯ ಮೇಲೆ ಬೆರಳಿಟ್ಟ. “ನೋಡಮ್ಮ, ನಮ್ಮ ನಕಾಶೆಯಲ್ಲಿ ಇಲ್ಲಿ ಬರೀ ನೀರಿದೆ.”

“ಹಾಗಾದ್ರೆ ನಮ್ಮಪ್ಪ ಎಪ್ಪತ್ತೊಂಬತ್ತು ವರ್ಷ ನೀರಿನ ಮೇಲೆ ಬದುಕಿದ್ರಾ ಸ್ವಾಮಿ?”

“ಅದು ನಂಗೊತ್ತಿಲ್ಲ. ನಕಾಶೆಯಲ್ಲಿ ನೀರಿದೆ.”

ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಹನ್ನೊಂದು ಸಲ ಅಲೆದೆ. ಬದುಕಿಡೀ ದೋಣಿ ರಿಪೇರಿ ಮಾಡಿ ಎರಡೂ ದಂಡೆಯವರನ್ನು ದಾಟಿಸಿದ ಮನುಷ್ಯ ಸತ್ತ ಎಂದು ಒಂದು ದಂಡೆಯವರೂ ಒಪ್ಪುತ್ತಿಲ್ಲ. ಕಾಗದವಿಲ್ಲದೆ ಅಪ್ಪನ ಹೆಸರಿನ ಒಂದು ಕೆಲಸವೂ ಮುಂದೆ ಹೋಗುತ್ತಿಲ್ಲ, ಅದನ್ನು ಬಿಡು. ಹನ್ನೊಂದು ಸಲವೂ “ಸತ್ತಿದ್ದಾರೆ ಅನ್ನೋದಕ್ಕೆ ಏನು ಆಧಾರ?” ಎಂಬ ಪ್ರಶ್ನೆಗೆ ಉತ್ತರ ಕೊಡುವುದಿದೆಯಲ್ಲ, ಅದರಿಂದ ಸುಸ್ತಾದೆ.

ಆಮೇಲೆ ಚಿನ್ನಿಯ ವಿಷಯ ಬಂತು. ಬುಟ್ಟಿ ಹೆಣೆಯುವವನ ಮಗಳು. ಇಲ್ಲೇ ಹುಟ್ಟಿದ್ದು, ಈಗ ಆರು ತುಂಬಿತು. ಎಡದಂಡೆಯ ಶಾಲೆಯವರು ಹುಟ್ಟಿದ ಕಾಗದ ಕೇಳಿ ಬಾಗಿಲಿನಿಂದಲೇ ಕಳಿಸಿದರು. ಆ ಶಾಲೆಯ ಯೂನಿಫಾರ್ಮ್ ಹೊಲಿಯುವವಳು ನಾನು.

ಅವತ್ತು ಸಂಜೆ ಟೀಚರಮ್ಮನ ಜಗಲಿಯಲ್ಲಿ ಎಲ್ಲರೂ ಕೂತಿದ್ದೆವು. ಅವರಿಗೆ ಈಗ ಎಂಬತ್ತರ ಹತ್ತಿರ. ನಾನು ತಂದಿದ್ದ ಹಿಂಬರಹಗಳನ್ನೆಲ್ಲ ಭೂತಗನ್ನಡಿ ಹಿಡಿದು ಓದಿದರು. “ನಮ್ಮೋರಲ್ಲ ಅಂತ ಎಡದಂಡೆಯೋರು ಬರೆದುಕೊಟ್ಟಿದ್ದಾರೆ, ನಮ್ಮೋರಲ್ಲ ಅಂತ ಬಲದಂಡೆಯೋರೂ ಬರೆದುಕೊಟ್ಟಿದ್ದಾರೆ. ಸಹಿ, ಸೀಲು ಎಲ್ಲ ಇದೆ. ಇನ್ನೇನು ಬೇಕು? ನಾವು ನಮ್ಮೋರೇ” ಎಂದರು. ಯಾರೂ ನಗಲಿಲ್ಲ. ಮರುದಿನ ಒಂದು ನೋಟುಬುಕ್ಕಿನಲ್ಲಿ ಬರೆದು ಎಲ್ಲರೂ ಹೆಬ್ಬೆಟ್ಟು, ಸಹಿ ಹಾಕಿದೆವು. ‘ಸ್ವತಂತ್ರ ನಡುಗಡ್ಡೆ.’ ಬುಟ್ಟಿಯವನು ಹಳೇ ಚಪ್ಪಲಿಯ ಅಟ್ಟೆ ಕೊರೆದು ಸೀಲು ಮಾಡಿಕೊಟ್ಟ. ಅಧ್ಯಕ್ಷತೆಗೆ ಯಾರೂ ಒಪ್ಪದೆ ನನ್ನ ತಲೆಗೆ ಕಟ್ಟಿದರು.

ನಮ್ಮ ದೇಶದ ಮೊದಲ ಕಾಗದ ಅಪ್ಪನ ಮರಣಪತ್ರ. ನಾನೇ ಬರೆದೆ, ನಾನೇ ಸಹಿ ಮಾಡಿದೆ, ನಾನೇ ಕೈಚಾಚಿ ತೆಗೆದುಕೊಂಡೆ.

ಪತ್ರಿಕೆಯವನು ಮನೆಯಲ್ಲಿ ಇನ್ನು ಯಾರಿದ್ದಾರೆ ಎಂದು ಕೇಳಿದ. ಯಾರೂ ಇಲ್ಲ ಎಂದೆ. ನೀನು ಹೆದರಬೇಡ.

ಅಕ್ಕ


ಫೆಬ್ರವರಿ 28

ಅಕ್ಕಾ,

ನಿನ್ನ ಕಾಗದ ಓದಿ ಮಡಚಿಟ್ಟೆ. ಮನೆಯವಳಿಗೂ ತೋರಿಸಲಿಲ್ಲ.

ಜಿಲ್ಲಾ ಕಚೇರಿಯಲ್ಲಿ ನಿಮ್ಮ ಮೇಲೆ ಒಂದು ಕಡತ ತೆರೆದಿದ್ದಾರೆ. ಮೊದಲಿಗೆ ತಮಾಷೆಯಾಗಿತ್ತು, ಈಗ ಹಾಗಿಲ್ಲ. ಯಾರು, ಎಲ್ಲಿಯವರು, ಸಂಬಂಧಿಕರು ಯಾರಾದರೂ ನೌಕರಿಯಲ್ಲಿ ಇದ್ದಾರೆಯೇ ಎಂದೆಲ್ಲ ಕೆದಕುತ್ತಾರೆ.

ನನ್ನ ಕಷ್ಟ ನಿನಗೆ ಗೊತ್ತಿಲ್ಲದ್ದಲ್ಲ. ನನಗೆ ಆರು ವರ್ಷವಾದಾಗ ಶಾಲೆಗೆ ಸೇರಿಸಲು ಅಪ್ಪನೇ ಕೈಹಿಡಿದು ಕರೆದುಕೊಂಡು ಹೋಗಿ, ಇವನು ಎಡದಂಡೆಯ ಪೇಟೆಯಲ್ಲಿ ಹುಟ್ಟಿದವನು ಎಂದು ಯಾರದೋ ಸಾಕ್ಷಿ ಹಾಕಿಸಿ ಬರೆಸಿದರು. ಆ ಕಾಗದದ ಮೇಲೆ ಓದಿದೆ, ಅದನ್ನೇ ತೋರಿಸಿ ಕೆಲಸ ಹಿಡಿದೆ. ನನ್ನ ಸೇವಾ ಪುಸ್ತಕದ ಮೊದಲನೇ ಪುಟದಲ್ಲಿರುವ ಸುಳ್ಳು ಅದು. ಯಾವನಾದರೂ ಉಗುರಲ್ಲಿ ಗೀರಿದರೆ ಸಾಕು, ಮೂವತ್ತು ವರ್ಷ ಹೊಳೆಗೆ ಹೋಗುತ್ತದೆ.

ಜೂನ್ ತನಕ ಸುಮ್ಮನಿರು. ಬಡ್ತಿ ಬರಲಿ. ಆಮೇಲೆ ಅಪ್ಪನ ವಿಷಯ, ಆ ಹುಡುಗಿಯ ವಿಷಯ ಎಲ್ಲ ನಾನೇ ನೋಡುತ್ತೇನೆ. ಮಾತು ಕೊಡುತ್ತೇನೆ.

ನಿನ್ನ ತಮ್ಮ


ಏಪ್ರಿಲ್ 3

ಗುಬ್ಬಿ,

ಸುಮ್ಮನಿರು ಎಂದೆ. ಸುಮ್ಮನೇ ಇದ್ದೇನೆ. ಆದರೆ ಜನ ಸುಮ್ಮನಿರಬೇಕಲ್ಲ. ಪತ್ರಿಕೆಯಲ್ಲಿ ಬಂದಮೇಲೆ ಭಾನುವಾರ ಬಂತೆಂದರೆ ಎರಡೂ ದಂಡೆಯಿಂದ ಜನ ಬರುತ್ತಾರೆ. ಅಂಗೈ ಮೇಲೆ ಸೀಲು ಒತ್ತಿಸಿಕೊಂಡು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಒಬ್ಬ ಬಂದವನು ನನ್ನ ಮನೆಯೊಳಗೆ ಇಣುಕಿ, “ಅರಮನೆ ಇದೇನಾ?” ಎಂದ. ಒಳಗೆ ಬಟ್ಟೆ ಒಣಹಾಕಿದ್ದೆ, ಮಿಷನ್ನಿನ ಕೆಳಗೆ ಚಿನ್ನಿ ಮಲಗಿದ್ದಳು. ದೇಶ ನಡೆಸುವುದು ಎಂದರೆ ಏನೋ ಅಂದುಕೊಂಡಿದ್ದೆ ಗುಬ್ಬಿ. ಬಂದವರಿಗೆಲ್ಲ ಕುಡಿಯುವ ನೀರು ಕೊಡುವುದು, ಅವರು ಹೋದಮೇಲೆ ಗುಡಿಸುವುದು, ಅಷ್ಟೇ.

ಬಲದಂಡೆಯವರು ಕಂಬದಿಂದ ಎಳೆದಿದ್ದ ಕರೆಂಟಿನ ತಂತಿ ಬಿಚ್ಚಿಕೊಂಡು ಹೋದರು. ಬೇರೆ ದೇಶಕ್ಕೆ ಕರೆಂಟು ಕೊಡಲು ಮೇಲಿನ ಅಪ್ಪಣೆ ಬೇಕಂತೆ. ಲೈನ್‌ಮನ್ ಒಳ್ಳೆಯವನು, ತಂತಿ ಸುತ್ತುವಾಗ ನನ್ನ ಮುಖ ನೋಡಲಿಲ್ಲ. ಮಿಷನ್ನಿಗೆ ಮೋಟರು ಹಾಕಿಸಿರಲಿಲ್ಲ, ಕಾಲಲ್ಲೇ ತುಳಿಯುವುದು. ಅದೊಂದು ಒಳ್ಳೆಯದಾಯಿತು.

ಅಕ್ಕ


ಮೇ 21

ಗುಬ್ಬಿ,

ನಿನ್ನಿಂದ ಉತ್ತರ ಬರಲಿಲ್ಲ. ಆದರೂ ಬರೆಯುತ್ತೇನೆ, ಬೇರೆ ಯಾರ ಹತ್ತಿರ ಹೇಳಿಕೊಳ್ಳಲಿ?

ಹೋದ ಸೋಮವಾರ ಎಡದಂಡೆಯವರು ಮೀಸೆಮಾವನ ದೋಣಿ ಹಿಡಿದುಹಾಕಿದರು. ಪರವಾನಗಿ ಇಲ್ಲದೆ ಗಡಿ ದಾಟಿಸುತ್ತಿದ್ದ ಎಂದು ಬರೆದುಕೊಂಡರಂತೆ. ನಲವತ್ತು ವರ್ಷದಿಂದ ಅವನು ದಾಟಿಸುತ್ತಿದ್ದದ್ದು ಹೊಳೆ. ದೋಣಿಯಿಲ್ಲದೆ ಎರಡು ದಿನ ದಡದಲ್ಲಿ ಕೂತು ನೋಡಿದ. ಮೂರನೇ ದಿನ ಬಟ್ಟೆಗಂಟು ಹಿಡಿದು ನನ್ನ ಬಾಗಿಲಿಗೆ ಬಂದ.

“ಮಗಳ ಮನೆಗೆ ಹೋಗ್ತೀನಮ್ಮ. ನೋಟುಬುಕ್ಕಲ್ಲಿ ನನ್ನ ಹೆಸರು ಹೊಡೆದುಬಿಡು.”

“ಹೊಡೆಯಲ್ಲ ಮಾವ. ಹಾಗೇ ಇರಲಿ.”

“ಹೊಡಿ ಅಂದ್ರೆ ಹೊಡಿ. ನಾನು ಯಾವ ದೇಶಾನೂ ಕೇಳಿರ್ಲಿಲ್ಲ. ನಿಮ್ಮಪ್ಪ ನನ್ನ ದೋಣಿಗೆ ಡಾಂಬರು ಬಳಿದುಕೊಡ್ತಿದ್ದ, ಅದಕ್ಕೋಸ್ಕರ ಹೆಬ್ಬೆಟ್ಟು ಒತ್ತಿದೆ, ಅಷ್ಟೇ.”

ಹೊಡೆದೆ. ಆ ವಾರದಲ್ಲೇ ಇನ್ನೂ ಮೂರು ಮನೆಯವರು ಬಲದಂಡೆಗೆ ಹೋದರು. ಮೂವತ್ತೊಂದರಲ್ಲಿ ಈಗ ಹದಿನೆಂಟು ಉಳಿದಿದ್ದೇವೆ. ಹೋದವರನ್ನು ಬಯ್ಯಲು ನನಗೆ ಬಾಯಿಲ್ಲ. ಕರೆಂಟಿಲ್ಲ, ದೋಣಿಯಿಲ್ಲ, ಟೀಚರಮ್ಮನ ಮಾತ್ರೆ ತರಲು ಬುಟ್ಟಿಯವನು ಹೆಣೆದ ಹರಿಗೋಲಿನಲ್ಲಿ ಹೋಗಬೇಕು. ನನಗೂ ಸಾಕಾಗಿದೆ. ಬೆಳಗ್ಗೆ ಎದ್ದರೆ, ಇವತ್ತು ಯಾರು ಬಂದು ಹೋಗುತ್ತೇನೆ ಎನ್ನುತ್ತಾರೋ ಎಂದು ಬಾಗಿಲು ತೆರೆಯಲು ಬೇಸರ.

ನಿನ್ನೆ ಬುಟ್ಟಿಯವನೂ ಬಂದ. ಹೋಗುತ್ತೇನೆ ಎಂದು ಹೇಳಲಿಲ್ಲ. ಪೇಟೆಯಲ್ಲಿ ಒಬ್ಬ ದಲ್ಲಾಳಿ ಸಿಕ್ಕಿದ್ದಾನಂತೆ. ಚಿನ್ನಿ ಅಲ್ಲಿಯ ಆಸ್ಪತ್ರೆಯಲ್ಲಿ ಹುಟ್ಟಿದ್ದೆಂದು ಕಾಗದ ಮಾಡಿಸಿಕೊಡುತ್ತಾನಂತೆ. ನಾನು ಬೇಡ ಎಂದೆ. ಅದಕ್ಕೆ ಅವನು, “ಅಕ್ಕಾ, ನಿಮ್ಮ ತಮ್ಮನಿಗೂ ಹಾಗೇ ಮಾಡಿಸಿದ್ರಂತಲ್ಲ. ಅವರು ಚೆನ್ನಾಗೇ ಇದ್ದಾರಲ್ಲ?” ಎಂದ.

ಅವನನ್ನೇ ಕೇಳಿ ಹೇಳುತ್ತೇನೆ ಎಂದೆ.

ಚೆನ್ನಾಗಿದ್ದೀಯಾ ಗುಬ್ಬಿ?

ಅಕ್ಕ


ಜೂನ್ 19

ಅಕ್ಕಾ,

ಬಡ್ತಿ ಆದೇಶ ಬಂತು. ಸೋಮವಾರದಿಂದ ನೋಂದಣಾಧಿಕಾರಿಯ ಕೋಣೆಯಲ್ಲಿ ಕೂರುತ್ತಿದ್ದೇನೆ. ಕೆಲಸ ಬಹಳ. ಮುಂಚಿನವರು ಉಳಿಸಿಹೋದ ಕಡತಗಳೇ ಮೊಳಕಾಲೆತ್ತರ ಇವೆ.

ಸ್ವಲ್ಪ ಸಮಯ ಕೊಡು. ಮಳೆಗಾಲ ಶುರುವಾಯಿತು, ಆರೋಗ್ಯ ನೋಡಿಕೋ.

ನಿನ್ನ ತಮ್ಮ


ಜುಲೈ 2

ಗುಬ್ಬಿ,

ಸಂತೋಷವಾಯಿತು. ಟೀಚರಮ್ಮನಿಗೆ ಹೇಳಿದೆ. “ನಮ್ಮ ನಡುಗಡ್ಡೆಯ ಹುಡುಗ ಅಧಿಕಾರಿ ಆದ” ಎಂದು ಕಣ್ಣೊರೆಸಿಕೊಂಡರು. ಹೊರಗೆ ಯಾರಿಗೂ ಹೇಳಬೇಡಿ ಎಂದು ಹೇಳಿದ್ದೇನೆ.

ಶಾಲೆ ಶುರುವಾಗಿ ತಿಂಗಳಾಯಿತು. ಚಿನ್ನಿ ದಿನಾ ಬಂದು ಮಿಷನ್ನಿನ ಪಕ್ಕ ಕೂರುತ್ತಾಳೆ. ಮೊನ್ನೆ ನಾನು ಹೊಲಿಯುತ್ತಿದ್ದ ಲಂಗ ಎತ್ತಿ ಹಿಡಿದು, “ಅಜ್ಜಿ, ಇದು ಯಾರಿಗೆ?” ಎಂದು ಕೇಳಿದಳು. ಶಾಲೆಗೆ ಹೋಗುವವರಿಗೆ ಎಂದೆ. “ಹಾಗಾದ್ರೆ ನಂದೂ ಅಳತೆ ತಗೋ.” ಟೇಪು ತೆಗೆದು ಅಳತೆ ತೆಗೆದುಕೊಂಡೆ. ಸೊಂಟ ಇಪ್ಪತ್ತು, ಉದ್ದ ಹದಿನೈದು. ಬರೆದೂ ಇಟ್ಟೆ. ಮಗುವಿನ ಎದುರಿಗೆ ಬರೆಯದೆ ಇರಲು ಆಗಲಿಲ್ಲ.

ಅವಳ ಅಪ್ಪನಿಗೆ, ಆ ದಲ್ಲಾಳಿಯ ಹತ್ತಿರವೇ ಮಾಡಿಸಿಕೋ ಎಂದು ಹೇಳಿಬಿಡಲೇ ಎಂದು ಯೋಚಿಸುತ್ತಿದ್ದೇನೆ. ಎಷ್ಟು ದಿನ ಅಂತ ಕಾಯಿಸಲಿ?

ನೀನು ಕೆಲಸ ನೋಡಿಕೋ.

ಅಕ್ಕ


ಆಗಸ್ಟ್ 24

ಅಕ್ಕಾ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಅಪ್ಪ ಹೋಗಿ ಈ ಹನ್ನೆರಡಕ್ಕೆ ಮೂರು ವರ್ಷವಾಯಿತು. ಅವತ್ತು ನನಗೆ ರಜೆ ಸಿಗಲಿಲ್ಲ, ಹೊಳೆ ತುಂಬಿ ದೋಣಿ ಇರಲಿಲ್ಲ ಎಂದು ನಿನಗೆ ಬರೆದಿದ್ದೆ. ಎರಡೂ ಸುಳ್ಳು. ನಾನು ದಡದ ತನಕ ಬಂದಿದ್ದೆ. ಮೀಸೆಮಾವ ದೋಣಿ ಹಿಡಿದು, “ಹತ್ತು ಗುಬ್ಬಿ, ಕಾಯ್ತಿದ್ದಾರೆ” ಎಂದ. ಚಹದಂಗಡಿಯಲ್ಲಿ ನಮ್ಮ ಕಚೇರಿಯ ಇಬ್ಬರು ಕೂತಿದ್ದರು. ಅವರು ನನ್ನ ಕಡೆ ನೋಡಿದರೋ ಇಲ್ಲವೋ ಗೊತ್ತಿಲ್ಲ. ನಾನು ಹತ್ತಲಿಲ್ಲ. ಆಚೆ ನಡುಗಡ್ಡೆಯ ದಡದಲ್ಲಿ ನೀವು ಅಪ್ಪನನ್ನು ಎತ್ತಿಕೊಂಡು ಹೋಗುವುದು ನಿಂತಲ್ಲಿಂದಲೇ ಕಾಣುತ್ತಿತ್ತು. ನಿಂತು ನೋಡಿ ಬಸ್ಸು ಹತ್ತಿದೆ.

ಹದಿನೈದು ದಿನಕ್ಕೆ ನಿನ್ನ ಅರ್ಜಿ ಬಂತು. ನನ್ನ ಮೇಜಿಗೇ. ಅಪ್ಪನ ಹೆಸರು, ಕೆಳಗೆ ನಿನ್ನ ಸಹಿ. ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಬರೆದವನು ನಾನು. ಮೇಲಿನವರು ಹೇಳಿ ಬರೆಸಿದ್ದಲ್ಲ, ನಾನೇ ಬರೆದು ಸಹಿಗೆ ಇಟ್ಟೆ, ಮೂಲೆಯಲ್ಲಿ ಚಿಕ್ಕ ಸಹಿ ಹಾಕಿದೆ. ಇನ್ನೊಂದು ಕೇಳು. ಯಾವ ಕಚೇರಿಯ ವ್ಯಾಪ್ತಿ ಎಂಬುದು ಅನುಮಾನವಿದ್ದರೆ, ಅರ್ಜಿ ಮೊದಲು ಯಾರಿಗೆ ಬಂತೋ ಅವರು ಸ್ಥಳ ತನಿಖೆ ಮಾಡಿ ದಾಖಲಿಸಬೇಕು ಎಂದು ನಿಯಮವಿದೆ. ನನಗೆ ಅವತ್ತೂ ಗೊತ್ತಿತ್ತು. ಹೊಸದಾಗಿ ಸೇರಿದ ಗುಮಾಸ್ತರಿಗೆ ಆ ನಿಯಮ ಹೇಳಿಕೊಡುವವನೇ ನಾನು.

ಸತ್ತವರ ಮಗ ಎಂದು ನನ್ನ ಹೆಸರು ಆ ದಾಖಲೆಯಲ್ಲಿ ಬಂದರೆ ಎಲ್ಲ ಹೊರಗೆ ಬರುತ್ತದೆ ಎಂದು ಹೆದರಿದೆ. ಇಷ್ಟೇ ವಿಷಯ. ಚೆನ್ನಾಗಿದ್ದೀಯಾ ಎಂದು ಕೇಳಿದ್ದೆಯಲ್ಲ. ಹೊಸ ಕೋಣೆಗೆ ಎರಡು ಕಿಟಕಿ ಇವೆ. ಕೂತಲ್ಲಿಂದ ಹೊಳೆ ಕಾಣುತ್ತದೆ. ಕುರ್ಚಿ ತಿರುಗಿಸಿ ಹಾಕಿಸಿಕೊಂಡಿದ್ದೇನೆ.

ನಿನ್ನ ತಮ್ಮ


ಸೆಪ್ಟೆಂಬರ್ 2

ಗುಬ್ಬಿ,

ನನಗೆ ಗೊತ್ತಿತ್ತು.

ಹಿಂಬರಹ ಬಂದ ದಿನವೇ ಗೊತ್ತಾಯಿತು. ಮೂಲೆಯಲ್ಲಿ ಸಹಿಯಿತ್ತಲ್ಲ. ಟೀಚರಮ್ಮ ನನಗೆ ಅಕ್ಷರ ಕಲಿಸಿದರು, ನಾನು ನಿನಗೆ ಕಲಿಸಿದೆ. ಮರಳಿನ ಮೇಲೆ ಬೆರಳು ಹಿಡಿದು ತಿದ್ದಿಸಿದ್ದೇನೆ. ಕೊನೇ ಅಕ್ಷರದ ಬಾಲವನ್ನು ಮೇಲಕ್ಕೆ ಎಳೆಯಬೇಡ ಎಂದು ಎಷ್ಟು ಹೊಡೆದರೂ ನೀನು ಬಿಡಲಿಲ್ಲ. ಇನ್ನೂ ಬಿಟ್ಟಿಲ್ಲ. ದಡಕ್ಕೆ ಬಂದು ಹಿಂದೆ ಹೋದದ್ದನ್ನು ಮೀಸೆಮಾವ ಅವತ್ತೇ ಹೇಳಿದ.

ಗೊತ್ತಿದ್ದೂ ಹನ್ನೊಂದು ಸಲ ಯಾಕೆ ಅಲೆದೆ ಎಂದು ಕೇಳುತ್ತೀಯೇನೋ. ಒಂದು ಸಲವಾದರೂ ನೀನು ಕೌಂಟರಿನ ಹಿಂದಿನಿಂದ ಎದ್ದು ಬಂದು, ಅಕ್ಕಾ ಕೂತ್ಕೋ ಎನ್ನುತ್ತೀಯ ಎಂದು. ಆರು ಸಲ ನಿಮ್ಮ ಕಚೇರಿಯ ಬೆಂಚಿನ ಮೇಲೆ ಕೂತಿದ್ದೇನೆ. ನೀನು ತಲೆ ಎತ್ತಲಿಲ್ಲ. ಎತ್ತಿದ್ದರೆ ನಾನು ಏನೂ ಕೇಳದೆಯೇ ಮನೆಗೆ ಹೋಗುತ್ತಿದ್ದೆ. ನಿನ್ನ ಅನ್ನಕ್ಕೆ ಕಲ್ಲು ಹಾಕುವವಳಲ್ಲ ನಾನು.

ನನಗೆ ಈಗ ಸಿಟ್ಟೂ ಬರುವುದಿಲ್ಲ. ಸಿಟ್ಟು ಮಾಡಲೂ ಒಂದು ಶಕ್ತಿ ಬೇಕು. ಅಪ್ಪನದು ಬಿಡು, ಅವರಿಗೆ ಇನ್ನು ಯಾವ ಕಾಗದವೂ ಬೇಕಿಲ್ಲ. ಆದರೆ ಬುಟ್ಟಿಯವನು ನಾಡಿದ್ದು ದಲ್ಲಾಳಿಯ ಹತ್ತಿರ ಹೋಗುವವನಿದ್ದ. ತಿಂಗಳ ಕೊನೆಯ ತನಕ ತಡಿ ಎಂದು ಹೇಳಿದ್ದೇನೆ. ಯಾಕೆ ಎಂದು ಕೇಳಿದ. ಹೇಳಲಿಲ್ಲ.

ಕ್ಷಮಿಸು ಎಂದು ಬರೆಯಬೇಡ. ಏನಾದರೂ ಮಾಡುವುದಿದ್ದರೆ ಮಾಡು.

ಅಕ್ಕ


ಸೆಪ್ಟೆಂಬರ್ 16

ಜನನ ಮರಣ ನೋಂದಣಾಧಿಕಾರಿಯವರ ಕಚೇರಿಯಿಂದ
ನಡುಗಡ್ಡೆಯ ನಿವಾಸಿಗಳಿಗೆ

ವಿಷಯ: ಸ್ಥಳ ತನಿಖೆಯ ಬಗ್ಗೆ.

ಮೂರು ವರ್ಷಗಳ ಹಿಂದೆ ಈ ಕಚೇರಿಗೆ ಬಂದಿದ್ದ ಮರಣ ನೋಂದಣಿ ಅರ್ಜಿಯನ್ನು ತಪ್ಪಾಗಿ ಹಿಂದಿರುಗಿಸಲಾಗಿರುತ್ತದೆ. ಸದರಿ ಅರ್ಜಿಯ ಬಗ್ಗೆಯೂ, ನಡುಗಡ್ಡೆಯಲ್ಲಿ ದಾಖಲಾಗದೆ ಉಳಿದಿರುವ ಇತರೆ ಜನನ ಮರಣಗಳ ಬಗ್ಗೆಯೂ ಇದೇ ತಿಂಗಳು 27ರ ಬೆಳಗ್ಗೆ ಹತ್ತು ಗಂಟೆಗೆ ಸ್ಥಳದಲ್ಲೇ ತನಿಖೆ ನಡೆಸಲಾಗುವುದು. ಸಂಬಂಧಪಟ್ಟವರು ಹಾಜರಿರತಕ್ಕದ್ದು.

ನೋಂದಣಾಧಿಕಾರಿ

ಅಕ್ಕಾ, ಹರಿಗೋಲು ಕಳಿಸು. ಚಹದಂಗಡಿಯ ಎದುರಿಗೇ ನಿಂತಿರುತ್ತೇನೆ.


ಅಕ್ಟೋಬರ್ 14

ಅಕ್ಕಾ,

ಅವತ್ತು ನಿನ್ನ ಹತ್ತಿರ ಹೆಚ್ಚು ಮಾತಾಡಲು ಆಗಲಿಲ್ಲ. ಪುಸ್ತಕ ತೆರೆದು ಕೂತಮೇಲೆ ಬರೆಯುವುದೇ ಆಯಿತು. ಒಳ್ಳೆಯದೇ ಆಯಿತು, ಮಾತಾಡಿದ್ದರೆ ಬರೆಯಲು ಆಗುತ್ತಿರಲಿಲ್ಲ. ಅಪ್ಪನದು ಒಂದು ಸಾವು, ಅವರ ಜೊತೆ ಇನ್ನೂ ಎಂಟು. ಹುಟ್ಟು ಹದಿಮೂರು, ಚಿನ್ನಿಯದೂ ಸೇರಿ. ಅಪ್ಪನ ನಮೂದಿನಲ್ಲಿ ಮಾಹಿತಿ ಕೊಟ್ಟವರ ಕಾಲಂ ಬಂದಾಗ ನೀನು ಪೆನ್ನು ಕೇಳಿದೆ. ನಾನು ಕೊಡಲಿಲ್ಲ. ‘ಮಗ. ಇದೇ ನಡುಗಡ್ಡೆಯಲ್ಲಿ ಹುಟ್ಟಿದವನು’ ಎಂದು ನಾನೇ ಬರೆದು ಸಹಿ ಮಾಡಿದೆ. ನೀನು ನೋಡಿದೆ.

ನಾಲ್ಕನೇ ದಿನಕ್ಕೆ ನನ್ನನ್ನು ಅಮಾನತು ಮಾಡಿದರು. ವಿಚಾರಣೆ ಶುರುವಾಗಿದೆ. ನನ್ನ ಸೇವಾ ಪುಸ್ತಕದಲ್ಲಿ ಪೇಟೆಯಲ್ಲಿ ಹುಟ್ಟಿದವನೆಂದಿದೆ, ನೋಂದಣಿ ಪುಸ್ತಕದಲ್ಲಿ ನಡುಗಡ್ಡೆಯಲ್ಲಿ ಹುಟ್ಟಿದವನೆಂದಿದೆ. ಎರಡರಲ್ಲಿ ಒಂದು ಸುಳ್ಳು. ನೋಂದಣಿ ಪುಸ್ತಕದ್ದು ಸುಳ್ಳೆಂದಾದರೆ ಅವತ್ತು ಬರೆದ ಎಲ್ಲ ನಮೂದುಗಳನ್ನೂ ರದ್ದು ಮಾಡಿ, ಕಣ್ತಪ್ಪು ಎಂದು ನನ್ನನ್ನು ಬಿಟ್ಟುಬಿಡುತ್ತಾರೆ. ಸೇವಾ ಪುಸ್ತಕದ್ದು ಸುಳ್ಳೆಂದಾದರೆ ನಮೂದುಗಳು ಉಳಿಯುತ್ತವೆ, ನಾನು ಮನೆಗೆ ಹೋಗುತ್ತೇನೆ.

ಸೇವಾ ಪುಸ್ತಕದ್ದೇ ಸುಳ್ಳು ಎಂದು ನಾನು ಬರೆದುಕೊಟ್ಟಿದ್ದೇನೆ. ಆದರೆ ವಿಚಾರಣಾಧಿಕಾರಿ ನನ್ನ ಜೊತೆ ಕೆಲಸಕ್ಕೆ ಸೇರಿದವನು, ಕರುಣೆ ಇರುವವನು. ನಾನು ಬೇಸರದಲ್ಲಿ ಏನೇನೋ ಬರೆದಿದ್ದೇನೆ ಎಂದು ತೀರ್ಮಾನಿಸಿ ಉಳಿಸಲು ನೋಡುತ್ತಿದ್ದಾನೆ. ನಾನು ಹುಟ್ಟಿದ್ದನ್ನು ಕಂಡವರಲ್ಲಿ ಬದುಕಿರುವವಳು ನೀನೊಬ್ಬಳೇ. ನಿನ್ನನ್ನು ಸಾಕ್ಷಿಗೆ ಕರೆಸುತ್ತಾರೆ. ನಿನಗೆ ನೆನಪಿಲ್ಲ ಎಂದು ಹೇಳುವಂತೆ ಅವನೇ ದಾರಿ ಮಾಡಿಕೊಡುತ್ತಾನೆ.

ಮನೆಯವಳಿಗೆ ಎಲ್ಲ ಹೇಳಿದೆ. ಎರಡು ದಿನ ಮಾತು ಬಿಟ್ಟಿದ್ದಳು. ಮೂರನೇ ದಿನ, “ಮೊದಲೇ ಹೇಳಿದ್ರೆ ನಾನೇನು ಬಿಟ್ಟುಹೋಗ್ತಿದ್ನಾ?” ಎಂದಳು.

ನನ್ನನ್ನು ಉಳಿಸಬೇಡ ಅಕ್ಕಾ.

ಗುಬ್ಬಿ


ನವೆಂಬರ್ 18

ಗುಬ್ಬಿ,

ವಿಚಾರಣೆಯ ದಿನ ನಿನ್ನನ್ನು ಹೊರಗೆ ಕೂರಿಸಿದ್ದರು, ನಾನು ಹೊರಬರುವ ಹೊತ್ತಿಗೆ ನಿನ್ನನ್ನು ಇನ್ನೊಂದು ಕೋಣೆಗೆ ಕರೆದಿದ್ದರು. ಹರಿಗೋಲು ಹೊರಡುವ ಹೊತ್ತಾಗಿತ್ತು, ಕಾಯದೆ ಬಂದುಬಿಟ್ಟೆ. ಒಳಗೆ ಏನಾಯಿತೆಂದು ನಿನಗೆ ಇನ್ನೊಬ್ಬರು ಹೇಳುವುದಕ್ಕಿಂತ ನಾನೇ ಹೇಳುತ್ತೇನೆ.

ನಿನ್ನ ಸ್ನೇಹಿತ ಒಳ್ಳೆಯ ಮನುಷ್ಯ. ಎದ್ದುನಿಂತು ಕುರ್ಚಿ ಕೊಟ್ಟ. “ಅಮ್ಮಾ, ನೀವು ಯಾರು?” ಎಂದು ಬರೆದುಕೊಳ್ಳಲು ಕೇಳಿದ. ಅವನ ಮೇಜಿನ ಮೇಲಿದ್ದ ಕಡತದಲ್ಲಿ ನಾನು ಅಧ್ಯಕ್ಷೆ, ಪ್ರತ್ಯೇಕತಾವಾದಿ, ಇನ್ನೂ ಏನೇನೋ. ಹೊರಗೆ ಕೂತಿದ್ದಾನಲ್ಲ, ಅವನ ಅಕ್ಕ ಎಂದೆ.

“ನಿಮ್ಮ ತಮ್ಮ ಹುಟ್ಟಿದಾಗ ನಿಮಗೆ ಏಳು ವರ್ಷ. ಅಷ್ಟು ಚಿಕ್ಕ ವಯಸ್ಸಿನದು ನೆನಪಿರೋದು ಕಷ್ಟ ಅಲ್ವಾ ಅಮ್ಮಾ?”

ನಾನು ಸೆರಗಿನ ಗಂಟು ಮುಟ್ಟಿ ನೋಡಿಕೊಂಡೆ. ಅವನು ಪೆನ್ನು ಕೆಳಗಿಟ್ಟ. “ಅವಸರ ಇಲ್ಲ. ಯೋಚನೆ ಮಾಡಿ ಹೇಳಿ. ನೆನಪಿಲ್ಲ ಅಂದ್ರೂ ಪರವಾಗಿಲ್ಲ. ಯಾರೂ ನಿಮ್ಮನ್ನ ಏನೂ ಅನ್ನಲ್ಲ.”

ನಿನ್ನ ಕಾಗದ ನನ್ನ ಸೆರಗಿನ ಗಂಟಿನಲ್ಲೇ ಇತ್ತು. ಆದರೂ ಒಂದು ಗಳಿಗೆ ನೆನಪಿಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂತು ಗುಬ್ಬಿ. ನೀನು ಏನೇ ಬರೆದಿರು, ನಾನು ನಿನ್ನನ್ನು ಎತ್ತಿ ಆಡಿಸಿದವಳು. ಒಂದು ಮಾತು ಹೇಳಿದರೆ ನೀನು ಮತ್ತೆ ಆ ಕೋಣೆಯಲ್ಲಿ ಕೂರುತ್ತೀಯ. ಚಿನ್ನಿಗೆ ದಲ್ಲಾಳಿ ಇದ್ದಾನೆ. ಅಪ್ಪ ಹೇಗೂ ಸತ್ತಿದ್ದಾರೆ. ಇನ್ನೂ ಎಷ್ಟು ಸೆಣಸಲಿ ಎನ್ನಿಸಿತು.

ಆಮೇಲೆ ಆಮೇಲೆ ಅಂದುಕೊಂಡರೆ ಹೇಳಲು ಆಗುವುದಿಲ್ಲ ಎಂದು ಗೊತ್ತಾಗಿ ಬಾಯಿಬಿಟ್ಟೆ. “ನೆನಪಿದೆ ಸ್ವಾಮಿ. ನಮ್ಮ ಮನೆಯ ಹಿಂದಿನ ಕೋಣೆ. ಬೆಳಗ್ಗೆ, ಬಿಸಿಲು ಆಗಷ್ಟೇ ಬಂದಿತ್ತು. ಟೀಚರಮ್ಮ ಇದ್ರು, ಆದರೆ ಅಮ್ಮನ ಚೀರಾಟ ಕೇಳಿ ಅವರು ಹೊರಗೆ ಓಡಿದ್ರು. ಬಿಸಿನೀರಿನ ಪಾತ್ರೆ ನಾನು ತಂದೆ. ಕಾಲು ಮುಂದಾಗಿ ಬಂದ. ಅಮ್ಮ ಮೂರು ದಿನಕ್ಕೆ ಹೋದಳು. ಅವನು ಗುಬ್ಬಿಯಷ್ಟಿದ್ದ, ಉಳಿಯಲ್ಲ ಅಂದ್ರು. ನಾನು ಹತ್ತಿಯಲ್ಲಿ ಸುತ್ತಿ ಮಡಿಲಲ್ಲಿಟ್ಕೊಂಡು ಎರಡು ತಿಂಗಳು ಕೂತೆ. ಪೇಟೆಯಲ್ಲಿ ಅಲ್ಲ. ನಡುಗಡ್ಡೆಯಲ್ಲಿ.”

ಅವನು ಬರೆದುಕೊಂಡ. ಓದಿ ಹೇಳಿದ, ಸಹಿ ಮಾಡಿದೆ. ಬಾಗಿಲ ತನಕ ಬಂದು, “ಅವನು ಇದನ್ನೆಲ್ಲ ಹೇಳಿರಲೇ ಇಲ್ಲ” ಎಂದ. ಅವನಿಗೂ ಗೊತ್ತಿಲ್ಲ ಎಂದೆ. ಅಮ್ಮನ ವಿಷಯ ನಿನಗೆ ಬೇರೆ ಥರ ಹೇಳಿದ್ದೆವು. ನೀನು ಎರಡು ವರ್ಷದವನಿದ್ದಾಗ ಜ್ವರ ಬಂದು ಹೋದಳು ಎಂದು. ನಿನ್ನ ತಲೆಯ ಮೇಲೆ ಆ ಭಾರ ಬೇಡ ಎಂದು ಅಪ್ಪ ಹೇಳಿದ್ದರು. ಈ ಮನೆಯಲ್ಲಿ ಸುಳ್ಳು ಹೇಳಿದವನು ನೀನೊಬ್ಬನೇ ಅಲ್ಲ, ತಿಳಿದುಕೋ.

ಹೋದ ವಾರ ಆದೇಶದ ಪ್ರತಿ ಬಂತು. ನಿನಗೆ ಕಡ್ಡಾಯ ನಿವೃತ್ತಿ ಎಂದು ಓದಿದೆ. ನಮೂದುಗಳು ಊರ್ಜಿತ ಎಂದೂ ಅದರಲ್ಲೇ ಇದೆ. ಒಂದೇ ಹಾಳೆ, ಎರಡೂ. ಎಡದಂಡೆಯವರು ಇನ್ನು ನಾವು ತಮ್ಮವರಲ್ಲ ಎನ್ನುವ ಹಾಗಿಲ್ಲ, ಅವರದೇ ಪುಸ್ತಕದಲ್ಲಿ ನಮ್ಮ ಇಪ್ಪತ್ತೆರಡು ಹೆಸರಿವೆ. ಕರೆಂಟಿನ ಕಂಬ ನೆಡಲು ಅಳತೆ ಮಾಡಿಕೊಂಡು ಹೋದರು. ಚಿನ್ನಿಯನ್ನು ವರ್ಷದ ನಡುವೆಯೇ ಸೇರಿಸಿಕೊಂಡರು. ಮೊದಲ ದಿನ ಅಳುತ್ತಾ ಬಂದಳು, ಟೀಚರು ಬಹಳ ಜೋರಂತೆ, ಇನ್ನು ಹೋಗುವುದಿಲ್ಲವಂತೆ. ಅವಳಪ್ಪ ಎತ್ತಿಕೊಂಡು ಹೋಗಿ ಬಿಟ್ಟುಬಂದ.

ಭಾನುವಾರ ಟೀಚರಮ್ಮನ ಜಗಲಿಯಲ್ಲಿ ಸೇರಿ ದೇಶವನ್ನು ಮುಗಿಸಿದೆವು. ಮೀಸೆಮಾವನೂ ಬಂದಿದ್ದ. ಬೇಡ ಎಂದವರು ಯಾರೂ ಇಲ್ಲ. ಆದರೂ ಕೈ ಎತ್ತಿದಮೇಲೆ ಸ್ವಲ್ಪ ಹೊತ್ತು ಯಾರೂ ಎದ್ದುಹೋಗಲಿಲ್ಲ. ನಾನು ಮನೆಗೆ ಬಂದು ಮಟಮಟ ಮಧ್ಯಾಹ್ನ ಮಲಗಿದವಳು ಸಂಜೆ ಆರಕ್ಕೆ ಎದ್ದೆ. ಅಷ್ಟು ನಿದ್ದೆ ಮಾಡಿ ಎಷ್ಟು ವರ್ಷವಾಗಿತ್ತೋ.

ನೀನು ಇನ್ನು ಹೊಳೆಗೆ ಬೆನ್ನು ಹಾಕಿ ಅಲ್ಲಿ ಕೂತು ಏನು ಮಾಡುತ್ತೀಯ? ನಿನ್ನ ಮನೆಯವಳನ್ನೂ ಕರೆದುಕೊಂಡು ಬಾ. ಹಿಂದಿನ ಕೋಣೆಯಲ್ಲಿ ನನ್ನ ಬಟ್ಟೆಗಂಟುಗಳಿದ್ದವು, ತೆಗೆದು ಗುಡಿಸಿದ್ದೇನೆ. ನನಗೆ ನಿನ್ನ ಮೇಲೆ ಬೇಕಾದಷ್ಟು ಹೇಳುವುದಿದೆ, ಆ ಆರು ದಿನ ಬೆಂಚಿನ ಮೇಲೆ ಕೂರಿಸಿದ್ದಕ್ಕೇ ಒಂದು ತಿಂಗಳು ಬೇಕು. ಅದನ್ನೆಲ್ಲ ಬರೆಯಲು ನನ್ನಿಂದಾಗುವುದಿಲ್ಲ, ಕೈ ಸೋತಿದೆ. ಎದುರಿಗೆ ಬಂದು ಕೂತು ಬೈಸಿಕೋ.

ಅಕ್ಕ